ತೊಟ್ಟಿಯಲ್ಲಿರುವ ಮಗು

ಫಾದರ್ ಗೋಮ್ಸ್‌ಗೆ ಕನ್ನಡ ಬರುತ್ತದೆ ಎಂದು ಜಪಮಾಲಾಗೆ ಗೊತ್ತಾದದ್ದು ಕೋಲ್ಕತ್ತದಲ್ಲಿ, ಉಲ್ಟಾಡಾಂಗಾದಿಂದ ಸಾಲ್ಟ್ ಲೇಕಿಗೆ ಹೋಗುವ ಶೇರ್ ಆಟೋದಲ್ಲಿ, ಬೆವರಿಗೆ ಗಾಳಿ ಬೀಸಿಕೊಳ್ಳಲು ಏನಾದರೂ ಸಿಕ್ಕೀತೇ ಎಂದು ಕೈಚೀಲದಲ್ಲಿ ತಡಕಾಡಿದಾಗ. ಸಿಕ್ಕಿದ್ದು ಹೋದ ಭಾನುವಾರ ಬಲಿಪೂಜೆ ಮುಗಿದ ಮೇಲೆ ಕೊಟ್ಟಿದ್ದ ಪುಸ್ತಿಕೆ, ಫಾದರ್ ಗುರುಗಳಾಗಿ ಐವತ್ತು ವರ್ಷ ತುಂಬಿದ್ದಕ್ಕೆ ಡಮ್ ಡಮ್‌ನ ಚರ್ಚಿನವರು ಅಚ್ಚು ಹಾಕಿಸಿದ್ದು. ಆರು ದಿನ ಟಿಫಿನ್ ಡಬ್ಬಿಯ ಕೆಳಗೆ ಬಿದ್ದಿದ್ದು ರಟ್ಟಿಗೆ ಅರಿಸಿನದ ಕಲೆಯಾಗಿತ್ತು. ನಾಲ್ಕು ಸಲ ಬೀಸಿಕೊಂಡಳು. ಐದನೆಯ ಸಲ ಬೀಸುವಾಗ ಹಾಳೆಯೊಂದು ತೆರೆದುಕೊಂಡು ಕಪ್ಪುಬಿಳುಪಿನ ಚಿತ್ರವೊಂದು ಕಣ್ಣಿಗೆ ಬಿತ್ತು: ಬಿಳಿಯ ನಿಲುವಂಗಿಯ ಕಡ್ಡಿಯಂಥ ಯುವಕ, ಅವನ ಸುತ್ತ ಕೈಕಾಲಿಗೆ ಬಟ್ಟೆ ಸುತ್ತಿಕೊಂಡು ಕುಕ್ಕರುಗಾಲಲ್ಲಿ ಕೂತ ಹತ್ತಿಪ್ಪತ್ತು ಜನ, ಹಿಂದಿನ ಗೋಡೆಯ ಮೇಲೊಂದು ಹಲಗೆ. ಓದುತ್ತಿದ್ದೇನೆ ಎನ್ನುವುದು ಗೊತ್ತಾಗುವ ಮೊದಲೇ ಅವಳು ಅದನ್ನು ಓದಿಬಿಟ್ಟಿದ್ದಳು. ಔಷಧಿ ಕೊಡುವ ಹೊತ್ತು, ಬೆಳಿಗ್ಗೆ ಎಂಟರಿಂದ ಹತ್ತು. ಕನ್ನಡದಲ್ಲಿ. ಚಿತ್ರದ ಕೆಳಗೆ ಇಂಗ್ಲಿಷಿನಲ್ಲಿ ಎರಡು ಸಾಲು ಇತ್ತು: ಮೈಸೂರು ಸೀಮೆಯಲ್ಲಿ, ಕೊಳ್ಳೇಗಾಲದ ಆಚೆ, ಕುಷ್ಠರೋಗಿಗಳ ಆಸ್ಪತ್ರೆಯಲ್ಲಿ ಆರು ವರ್ಷ, ರೋಗಿಗಳ ಮಾತನ್ನು ರೋಗಿಗಳಿಂದಲೇ ಕಲಿತರು.

ಅವಳಿಗೆ ಮೊದಲು ಆದದ್ದು ಭಯವಲ್ಲ. ಇದನ್ನು ಆ ದಿನವಿಡೀ ಅವಳು ಮತ್ತೆ ಮತ್ತೆ ಎತ್ತಿ ನೋಡಿಕೊಂಡಳು, ಜೇಬಿನಲ್ಲಿರುವ ಕದ್ದ ಸಾಮಾನನ್ನು ಮುಟ್ಟಿ ನೋಡಿಕೊಳ್ಳುವ ಹಾಗೆ. ಮೊದಲು ಆದದ್ದು ಸಂತೋಷ. ಹಾಗಾದರೆ ಅವರು ಕೇಳಿದ್ದಾರೆ, ಎಂದುಕೊಂಡಳು. ಹಾಗಾದರೆ ಅವರು ನಂಬಿದ್ದಾರೆ! ಮೊಣಕೈ ತಾಗಿ ಪಕ್ಕದ ಬಂಗಾಳಿ ಹೆಂಗಸು 'ಕೀ ಹೋಲೊ' ಎಂದು ಅವಳ ಮುಖ ನೋಡಿದಳು. ಏನೂ ಇಲ್ಲ ಎಂದು ತಲೆಯಾಡಿಸಿದ ಜಪಮಾಲಾ ನಗುತ್ತಿದ್ದಳು. ಆಟೋ ಕಾಲುವೆಯ ಸೇತುವೆ ದಾಟುವ ಹೊತ್ತಿಗೆ ನಗು ಹಾಗೇ ಮುಖದ ಮೇಲೆ ಉಳಿದು, ಅದರ ಒಳಗಿನಿಂದ ಇನ್ನೊಂದು ಏಳತೊಡಗಿತು. ಹದಿನೈದು ದಿನ. ಹದಿನೈದು ದಿನದಿಂದ ಆ ಮುದುಕರು ತಾನು ಅಂದು ಹೇಳಿದ್ದನ್ನು ಹೊತ್ತುಕೊಂಡಿದ್ದಾರೆ.

ಮೂರು ವರ್ಷದ ಹಿಂದೆ ಬೆಂಗಳೂರಿನ ಕಂಪನಿ ಅವಳನ್ನು ಇಲ್ಲಿಗೆ ಕಳಿಸಿದಾಗ, ಮೊದಲ ಶನಿವಾರ ಪಾಪನಿವೇದನೆಗೆ ಮಂಡಿಯೂರಿದವಳಿಗೆ ಇಂಗ್ಲಿಷಿನಲ್ಲಿ ಪಾಪಗಳೇ ನೆನಪಾಗಲಿಲ್ಲ. ಸಿಟ್ಟು ಮಾಡಿಕೊಂಡೆ, ಸುಳ್ಳು ಹೇಳಿದೆ, ಒಂದು ಭಾನುವಾರ ಪೂಜೆ ತಪ್ಪಿಸಿದೆ ಎಂದು ಅರ್ಜಿ ತುಂಬಿದ ಹಾಗೆ ಹೇಳಿ ನಿಲ್ಲಿಸಿದ್ದಳು. ಜಾಲರಿಯ ಆಚೆಯಿಂದ ಫಾದರ್, ನಿನ್ನ ತಾಯ್ನುಡಿಯಲ್ಲೇ ಹೇಳು, ದೇವರಿಗೆ ಅರ್ಥವಾಗುತ್ತದೆ ಎಂದರು. ಕನ್ನಡ ಫಾದರ್, ಎಂದಳು. ಅವರು ಸುಮ್ಮನಿದ್ದರು. ನಿಮಗೆ ಗೊತ್ತಿಲ್ಲದಿರುವುದೇ ಒಳ್ಳೆಯದಾಯಿತು, ಇಲ್ಲದಿದ್ದರೆ ನನಗೆ ಬಾಯಿಯೇ ಬರುತ್ತಿರಲಿಲ್ಲ ಎಂದು ಅವಳೇ ನಕ್ಕಳು. ಈಗ ನೆನಪು ಮಾಡಿಕೊಂಡರೆ, ಅಲ್ಲೊಂದು ಸಣ್ಣ ನಿಟ್ಟುಸಿರಿತ್ತು. ಹಾಗಾದರೆ ಹೇಳು, ಎಂದಿದ್ದರು, ಅಷ್ಟೆ. ಗೊತ್ತಿಲ್ಲ ಎಂದು ಅವರು ಎಂದೂ ಹೇಳಿರಲಿಲ್ಲ. ಅವಳಿಗೆ ಬೇಕಿದ್ದ ಪರದೆಯನ್ನು ಅವಳಿಗೇ ಬಿಟ್ಟುಕೊಟ್ಟಿದ್ದರು. ಅಂದಿನಿಂದ ಈ ಊರಿನಲ್ಲಿ ಅವಳು ಮನಸ್ಸು ಬಿಚ್ಚಿ ಕನ್ನಡ ಮಾತಾಡಿದ್ದು ಆ ಕತ್ತಲ ಗೂಡಿನಲ್ಲಿ ಮಾತ್ರ. ಮೊದಮೊದಲು ಪಾಪಗಳು, ಆಮೇಲೆ ಪಾಪಗಳ ಸುತ್ತಲಿನ ಸಂಗತಿಗಳು, ಹಾಸ್ಟೆಲಿನ ಕೋಣೆ, ಕನಕಪುರದ ಕಡೆಯ ಅಜ್ಜಿ, ಆಫೀಸಿನಲ್ಲಿ ಯಾರೋ ನಕ್ಕದ್ದು, ತಾನೂ ತಿರುಗಿ ನಕ್ಕದ್ದು. ಬೆಂಗಳೂರಿನ ವಾರಪತ್ರಿಕೆಯೊಂದಕ್ಕೆ ಅವಳು ಬರೆಯುತ್ತಿದ್ದ ಧಾರಾವಾಹಿ ಹುಟ್ಟಿದ್ದೂ ಅಲ್ಲೇ ಇರಬೇಕು. ಕತ್ತಲೆಗೆ ಮಾತಾಡಿ ಮಾತಾಡಿ ನಾಲಿಗೆಗೆ ರೂಢಿಯಾಗಿತ್ತು.

ಆಫೀಸಿನ ಲಿಫ್ಟಿನಲ್ಲಿ ಅವಳು ತನ್ನ ಮುಖವನ್ನು ಉಕ್ಕಿನ ಬಾಗಿಲಲ್ಲಿ ಕಂಡಳು. ಕೆಂಪಾಗಿತ್ತು. ಶನಿವಾರವಾದರೂ ಸೋಮವಾರ ಸಾಫ್ಟ್‌ವೇರ್ ಬಿಡುಗಡೆಯಿದೆಯೆಂದು ಅರ್ಧ ಆಫೀಸು ಬಂದಿತ್ತು. ಸಾಫ್ಟ್‌ವೇರಿಗೆ ಕೈಪಿಡಿ ಬರೆಯುವುದು ಅವಳ ಕೆಲಸ. ಈ ಗುಂಡಿ ಒತ್ತಿ, ಆಮೇಲೆ ಆ ಗುಂಡಿ ಒತ್ತಿ. ಕುರ್ಚಿ ಎಳೆದುಕೊಳ್ಳುವಷ್ಟರಲ್ಲಿ ಅಪೂರ್ವಾ ಬಂದು ಮೇಜಿನಂಚಿಗೆ ಆತು ನಿಂತಳು. ಜಯನಗರದ ಹುಡುಗಿ, ಟೆಸ್ಟಿಂಗ್ ತಂಡದವಳು. ಅವಳ ಅಮ್ಮ ಚಕ್ಕುಲಿ, ಚಟ್ನಿಪುಡಿಯ ಜೊತೆ ಆ ವಾರಪತ್ರಿಕೆಯನ್ನೂ ತಿಂಗಳಿಗೊಮ್ಮೆ ಪಾರ್ಸೆಲ್ ಮಾಡುತ್ತಿದ್ದರು. ಇಡೀ ಕೋಲ್ಕತ್ತದಲ್ಲಿ 'ತೊಟ್ಟಿಯೊಳಗಿನ ಗಂಟೆ' ಓದುವವಳು ಇವಳೊಬ್ಬಳೇ.

"ಮಾಲಾ, ಹೇಳೇ. ಹುಡುಗಿ ಸಾಯ್ತಾಳಾ?"

"ಇನ್ನೂ ಬರ್ದಿಲ್ಲ."

"ಸುಳ್ಳು! ಇವತ್ತಲ್ವಾ ಕಳಿಸ್ಬೇಕಾಗಿರೋದು? ನಮ್ಮಮ್ಮ ಫೋನಲ್ಲಿ ಅಳೋದೊಂದು ಬಾಕಿ. ಆ ನಿನ್ನ ಕಥೇಲಿರೋ ಫಾದರ್‌ಗೆ ಏನ್ ಧಾಡಿ ಅಂತೀನಿ, ಪೊಲೀಸ್‌ಗೆ ಒಂದು ಮಾತು ಹೇಳೋಕೆ?"

"ಹೇಳೋ ಹಾಗಿಲ್ಲ ಅಪೂ. ಪಾಪನಿವೇದನೇಲಿ ಕೇಳಿದ್ದನ್ನ ಸಾಯೋವರೆಗೂ ಬಾಯಿ ಬಿಡೋ ಹಾಗಿಲ್ಲ. ಹೇಳ್ದೋರ ಹತ್ರಾನೂ ಹೊರಗಡೆ ಅದರ ಮಾತು ಎತ್ತೋ ಹಾಗಿಲ್ಲ."

"ಅದೆಂಥ ರೂಲು? ಕೊಂದೋನು ಹೋಗಿ ಹೇಳ್ಕೊಂಡ್‌ಬಿಟ್ರೆ ಎಲ್ಲಾ ತೊಳ್ಕೊಂಡ್ ಹೋಗತ್ತೆ, ಕೇಳಿಸ್ಕೊಂಡೋನು ಮಾತ್ರ ಸಾಯ್ಬೇಕು. ಚೆನ್ನಾಗಿದೆ ನಿಮ್ಮವರ ಸಿಸ್ಟಮ್ಮು!" ಅಪೂರ್ವಾ ನಕ್ಕಳು. ಅವಳ ನಗುವಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಆದರೂ ಜಪಮಾಲಾ, ಯಾವಾಗಿನಂತೆ, ಅವಳಿಗಿಂತ ಒಂದು ಗಳಿಗೆ ಮುಂಚೆ ತಾನೇ ನಕ್ಕು ಮುಗಿಸಿದ್ದಳು.

ಕೇಳಿಸಿಕೊಂಡವನು ಮಾತ್ರ ಸಾಯಬೇಕು. ಅವಳು ಕಂಪ್ಯೂಟರಿನ ಪರದೆಯನ್ನು ನೋಡುತ್ತ ಕೂತಳು. ಕಥೆಯಲ್ಲಿ ಚರ್ಚಿನ ಗಂಟೆ ಬಾರಿಸುವ ಇನ್ನಾಸಪ್ಪ ಬಲಿಪೂಜೆಯ ಬೆಳ್ಳಿಯ ಬಟ್ಟಲನ್ನು ಕದಿಯುತ್ತಾನೆ. ಒಂಬತ್ತು ವರ್ಷದ ಹುಡುಗಿಯೊಬ್ಬಳು ನೋಡಿಬಿಡುತ್ತಾಳೆ. ಕೊಲ್ಲಲು ಧೈರ್ಯವಿಲ್ಲದೆ, ಬಿಡಲು ಧೈರ್ಯವಿಲ್ಲದೆ ಅವಳನ್ನು ಹಳೆಯ ನೀರಿನ ತೊಟ್ಟಿಯಲ್ಲಿಟ್ಟು ಕಲ್ಲಿನ ಮುಚ್ಚಳ ಎಳೆಯುತ್ತಾನೆ. ಆ ತೊಟ್ಟಿಯ ತಳದಲ್ಲಿ ನೂರು ವರ್ಷದ ಹಿಂದೆ ಮುಳುಗಿದ ಗಂಟೆಯೊಂದಿದೆ; ಪಾಪನಿವೇದನೆಯಲ್ಲಿ ಯಾರಾದರೂ ಸುಳ್ಳು ಹೇಳಿದರೆ ಅದು ತಾನಾಗಿ ಬಾರಿಸುತ್ತದೆ. ಇದೆಲ್ಲ ಸಲೀಸಾಗಿ ಬಂದಿತ್ತು. ಗಂಟೆಯ ಸದ್ದಿಗೆ ಊರು ನಡುಗಿದ್ದು, ಸಂತರ ಪ್ರತಿಮೆಯ ಕಣ್ಣು ಒದ್ದೆಯಾದದ್ದು, ಎಲ್ಲ. ಆದರೆ ಹನ್ನೊಂದನೆಯ ಕಂತಿನಲ್ಲಿ ಇನ್ನಾಸಪ್ಪ ಗುರುಗಳ ಮುಂದೆ ಮಂಡಿಯೂರಿ ಹೇಳಬೇಕಾದ ಮಾತು ಮಾತ್ರ ನಾಲ್ಕು ದಿನವಾದರೂ ಬರಲಿಲ್ಲ. ಬರೆದದ್ದೆಲ್ಲ ನಾಟಕದ ಮಾತು. ಬಾಯಿಂದ ಬರುವಾಗ ಅದು ಹೇಗಿರುತ್ತದೆ, ಎಲ್ಲಿ ಉಸಿರು ನಿಲ್ಲುತ್ತದೆ, ಮರದ ಹಲಗೆಯ ವಾಸನೆಗೆ ಮುಖ ಇಟ್ಟು ಹೇಳುವಾಗ ಯಾವ ಪದ ಮೊದಲು ಜಾರುತ್ತದೆ, ಇದು ಅವಳಿಗೆ ಬೇಕಿತ್ತು. ಬೇಕೇಬೇಕಿತ್ತು. ಹದಿನೈದು ದಿನದ ಹಿಂದಿನ ಶನಿವಾರ ಅವಳು ಹೋಗಿ ಮಂಡಿಯೂರಿ, ಶಿಲುಬೆಯ ಗುರುತು ಹಾಕಿ, ತನ್ನ ಪಾಪಗಳ ಬದಲು ಇನ್ನಾಸಪ್ಪನ ಪಾಪ ಹೇಳಿದಳು. ನಾನು ಅಂತಲೇ ಹೇಳಿದಳು. ಒಂದು ಮಗೂನ ತೊಟ್ಟಿಗೆ ಹಾಕಿ ಮುಚ್ಚಿದೀನಿ ಸ್ವಾಮಿ. ಬದುಕಿದೆ. ದಿನಾ ಸಂದಿಯಿಂದ ಬ್ರೆಡ್ಡು ಹಾಕ್ತೀನಿ. ಮೊದಲು ಅಳ್ತಿತ್ತು, ಈಗ ಅಳಲ್ಲ, ಅದು ಅಳದೆ ಇರೋದೇ ನನಗೆ ತಡೆಯೋಕಾಗ್ತಿಲ್ಲ. ಆ ಕೊನೆಯ ಮಾತು ಬರೆದದ್ದಲ್ಲ. ಅಲ್ಲೇ ಬಂದದ್ದು. ಅದು ಬಂದಾಗ ಅವಳ ಬೆನ್ನಮೇಲೆ ಸುಖದ ನಡುಕವೊಂದು ಹಾದುಹೋಗಿತ್ತು. ಹೇಳುವಾಗಲೂ ಅವಳ ಒಂದು ಕಿವಿ ಹೊರಗಿತ್ತು. ಗಂಟೆ ಬಾರಿಸೀತೇ ಎಂದು. ರೈಲೊಂದು ಹೋಯಿತು, ಅಷ್ಟೆ. ಆ ಕಂತು ಓದಿ ಎಪ್ಪತ್ತು ಜನ ಪತ್ರ ಬರೆದರು.

ಅವತ್ತು ಫಾದರ್ ಬಹಳ ಹೊತ್ತು ಮಾತಾಡಲಿಲ್ಲ. ನಿದ್ದೆ ಹತ್ತಿರಬೇಕು ಎಂದುಕೊಂಡಿದ್ದಳು, ಎಪ್ಪತ್ತೆಂಟು ವರ್ಷ. ಆಮೇಲೆ ಇಂಗ್ಲಿಷಿನಲ್ಲಿ, ಒಡೆದ ದನಿಯಲ್ಲಿ, ನೀನು ಅದನ್ನು ತೆರೆಯಬೇಕು, ಇವತ್ತೇ ತೆರೆಯಬೇಕು, ತೆರೆದು ಬಂದು ನನಗೆ ಹೇಳು ಎಂದಿದ್ದರು. ಹೃದಯ ತೆರೆ ಎಂದು ಅವರು ಪ್ರವಚನದಲ್ಲಿ ಸದಾ ಹೇಳುತ್ತಿದ್ದರು. ಇದೂ ಅದೇ ಎಂದುಕೊಂಡು ಅವಳು ಸರಿ ಫಾದರ್ ಎಂದಿದ್ದಳು. ಕ್ಷಮೆಯ ಮಂತ್ರ ಹೇಳಲು ಅವರು ಕೈ ಎತ್ತಿರಲಿಲ್ಲ. ಮುದುಕರು, ಮರೆತರು, ಎಂದುಕೊಂಡು ಎದ್ದು ಬಂದು, ಚರ್ಚಿನ ಮೆಟ್ಟಿಲ ಮೇಲೆ ಕೂತು, ಮರೆಯುವ ಮೊದಲು ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಗೀಚಿಕೊಂಡಿದ್ದಳು.

ಈಗ ಒಂದೊಂದೇ ಜಾಗಕ್ಕೆ ಬಂದು ಕೂರತೊಡಗಿತು. ಹೋದ ಭಾನುವಾರ ಪರಮಪ್ರಸಾದಕ್ಕೆ ಸಾಲಿನಲ್ಲಿ ನಿಂತಾಗ ಫಾದರ್ ರೊಟ್ಟಿಯನ್ನು ಅವಳ ಮುಖದ ಮುಂದೆ ಹಿಡಿದು ತಡೆದಿದ್ದರು. ಬೆರಳು ನಡುಗುತ್ತಿತ್ತು. ಹಿಂದಿದ್ದವರು ಮುಂದೆ ಸರಿದು ಅವಳ ಬೆನ್ನಿಗೆ ತಾಗಿದ್ದರು. ಆಮೇಲೆ ಕೊಟ್ಟರು. ಗುಟ್ಟಾಗಿ ತಿಳಿದದ್ದನ್ನು ಇಟ್ಟುಕೊಂಡು ಜನರೆದುರು ಯಾರಿಗೂ ಪ್ರಸಾದ ನಿರಾಕರಿಸುವಂತಿಲ್ಲ. ಇದು ಅವಳಿಗೆ ಗೊತ್ತಿತ್ತು, ಹನ್ನೆರಡನೆಯ ಕಂತಿನಲ್ಲಿ ತಾನೇ ಬರೆದಿದ್ದಳು, ಅಲ್ಲಿಯ ಗುರುವಿನ ಬೆರಳನ್ನೂ ನಡುಗಿಸಿದ್ದಳು. ತನ್ನ ಮೂಗಿನೆದುರೇ ಅದು ನಡೆದಾಗ ವಯಸ್ಸಾಯಿತು ಪಾಪ ಎಂದುಕೊಂಡಿದ್ದಳು. ಪೂಜೆಯಾದ ಮೇಲೆ ಎಲ್ಲರೂ ಬಾಗಿಲ ಬಳಿಯ ರಾಶಿಯಿಂದ ಪುಸ್ತಿಕೆ ತೆಗೆದುಕೊಳ್ಳುತ್ತಿದ್ದರೆ ಅವಳೊಬ್ಬಳಿಗೆ ಫಾದರ್ ತಾವೇ ಅಂಗಳ ದಾಟಿ ಬಂದು ಕೈಗೆ ಕೊಟ್ಟಿದ್ದರು. ಓದಮ್ಮ, ಎಂದಿದ್ದರು ಇಂಗ್ಲಿಷಿನಲ್ಲಿ, ಇವತ್ತೇ ಓದು. ಅವಳಿಗೆ ಹೆಮ್ಮೆಯಾಗಿತ್ತು. ಎಲ್ಲರೆದುರು ತನಗೊಬ್ಬಳಿಗೇ! ಮಾತೆತ್ತುವಂತಿಲ್ಲದ ಮನುಷ್ಯ, ನನಗೆ ಗೊತ್ತಾಗಿದೆ ಎಂದು ಹೇಳಲು ಉಳಿದಿದ್ದ ಒಂದೇ ಒಂದು ದಾರಿ ಹಿಡಿದು ಬಂದಿದ್ದರು. ಅದನ್ನು ಅವಳು ಆರು ದಿನ ಟಿಫಿನ್ ಡಬ್ಬಿಯ ಕೆಳಗೆ ಇಟ್ಟುಕೊಂಡಿದ್ದಳು.

ಮೇಜಿನ ಮೇಲಿನ ಮೊಬೈಲು ಗುಡುಗುಡು ತಿರುಗಿತು. ಬೆಂಗಳೂರು. ಸಂಪಾದಕ ಅಶ್ವತ್ಥನಾರಾಯಣರು.

"ಏನಮ್ಮಾ ಮಾಲಾ, ಆರು ಗಂಟೇಗೆ ಪುಟ ಕಟ್ಟೋರು ಎದ್ದು ಹೋಗ್ತಾರೆ. ಎಲ್ಲಿ ಕೊನೇ ಕಂತು?"

"ಕಳಿಸ್ತೀನಿ ಸಾರ್. ಫ್ಯಾಕ್ಸ್ ಮಾಡ್ತೀನಿ."

"ನೋಡು, ಓದುಗರು ಒಂದೇ ಸಮ ಪತ್ರ ಬರೀತಿದಾರೆ. ಫಾದರ್ ಬಾಯಿ ಬಿಡ್ಬೇಕು. ಶಿಲುಬೆ ಮುಂದೆ ನಿಂತು, ನನ್ನ ವ್ರತ ಹಾಳಾಗಿ ಹೋಗ್ಲಿ, ಮಗು ಉಳೀಲಿ ಅಂತ ಕೂಗ್ಬೇಕು. ಗಂಟೆ ಢಣ್ ಅನ್ಬೇಕು. ಮಿಂಚು ಗುಡುಗು ನಿನ್ನಿಷ್ಟ."

"ಫಾದರ್ ಹೇಳಲ್ಲ ಸಾರ್."

"ಯಾಕೆ ಹೇಳಲ್ಲ? ಬರೆಯೋಳು ನೀನು. ನೀನು ಹೇಳ್ಸಿದ್ರೆ ಹೇಳ್ತಾನೆ. ಅಲ್ಲಮ್ಮಾ, ನಮ್ಮ ಹುಡುಗಿ ಆಗಿ ಆ ಕ್ರಿಶ್ಚಿಯನ್ ಜನದ ವಿಷಯ ಎಷ್ಟು ಚೆನ್ನಾಗಿ ತಿಳ್ಕೊಂಡಿದೀಯ ಅಂತ ಎಲ್ರೂ ಹೊಗಳ್ತಾರೆ. ಆದ್ರೆ ಆ ಜನಕ್ಕಿಂತ ಜಾಸ್ತಿ ನೀನೇ ಆ ಜನ ಆಗ್ಬೇಡ."

ಅವಳು ಹೂಂ ಎಂದಳು. ನಮ್ಮ ಹುಡುಗಿ. ಮೊದಲ ಕಂತು ಕಳಿಸಿದಾಗ ಜಪಮಾಲಾ ಮೇರಿ ಎಂದು ಬರೆದಿದ್ದಳು. ಅಚ್ಚಾಗಿ ಬಂದಾಗ ಮಾಲಾ ಕನಕಪುರ ಎಂದಿತ್ತು. ಜಾಗ ಸಾಲಲಿಲ್ಲ ಎಂದಿದ್ದರು. ನೆನಪಿದ್ದೂ ಅವರು ಮರೆತಿದ್ದರು, ಹೇಳಬಹುದಾಗಿದ್ದೂ ಇವಳು ಹೇಳಿರಲಿಲ್ಲ. ಸಭೆಯೊಂದರಲ್ಲಿ ತನ್ನವರನ್ನೇ ಗೊತ್ತಿಲ್ಲ ಎಂದ ಹಾಗೆ, ಹನ್ನೆರಡು ವಾರ ಆ ಹೆಸರಿನ ಕೆಳಗೆ ಸುಮ್ಮನೆ ಕೂತಿದ್ದಳು. ಫೋನ್ ಇಟ್ಟ ಮೇಲೂ ಕೈ ಬೆಚ್ಚಗಿತ್ತು. ಫಾದರ್ ಹೇಳಲ್ಲ ಸಾರ್ ಎಂದಾಗ ತಾನು ಯಾವ ಫಾದರ್‌ನ ಮಾತಾಡಿದೆ ಎಂಬುದು ಅವಳಿಗೇ ಖಚಿತವಿರಲಿಲ್ಲ. ಹೇಳಲ್ಲ. ಹದಿನೈದು ದಿನದಿಂದ ಹೇಳಿಲ್ಲ. ಪೊಲೀಸರು ಹಾಸ್ಟೆಲಿಗೆ ಬಂದಿಲ್ಲ. ಯಾರೂ ತನ್ನನ್ನು ತಿರುಗಿ ನೋಡಿಲ್ಲ. ಎಲ್ಲೋ ಒಂದು ಮಗು ಕತ್ತಲಲ್ಲಿ ಕೂತಿದೆ ಎಂದು ನಂಬಿದ ಮನುಷ್ಯ ದಿನಾ ಬೆಳಿಗ್ಗೆ ಪೂಜೆ ಮಾಡಿ, ಮಕ್ಕಳಿಗೆ ಜ್ಞಾನೋಪದೇಶ ಹೇಳಿ, ಐವತ್ತರ ಸಮಾರಂಭದಲ್ಲಿ ಕೊರಳಿಗೆ ಹಾರ ಹಾಕಿಸಿಕೊಂಡು ನಿಂತಿದ್ದರು. ಇದನ್ನು ತಾನು ಬರೆದಿದ್ದರೆ ಯಾರೂ ನಂಬುತ್ತಿರಲಿಲ್ಲ! ಆ ಯೋಚನೆ ಬಂದೊಡನೆ ಅವಳು ನಾಲಿಗೆ ಕಚ್ಚಿಕೊಂಡಳು. ಈಗಲೂ ಬರೆಯುವುದೇ?

ತಲೆನೋವೆಂದು ಹೇಳಿ ಎರಡೂವರೆಗೆ ಹೊರಟಳು. ಅದೂ ಒಂದು ಸುಳ್ಳು, ಸಂಜೆಯ ಪಾಪನಿವೇದನೆಯ ಲೆಕ್ಕಕ್ಕೆ ಸೇರಿಸಿಕೊಂಡಳು. ಉಲ್ಟಾಡಾಂಗಾದಲ್ಲಿ ಲೋಕಲ್ ಹತ್ತಿ ಬಾಗಿಲ ಕಂಬಿ ಹಿಡಿದು ನಿಂತಾಗ ಬಿಸಿಗಾಳಿ ಮುಖಕ್ಕೆ ಹೊಡೆಯಿತು. ಮಳೆ ಇನ್ನೂ ಬಂದಿರದ ಜೂನ್. ಹಳಿಯ ಪಕ್ಕದ ಮನೆಗಳ ಮೇಲೆ ಸಾಲು ಸಾಲಾಗಿ ನೀರಿನ ಟ್ಯಾಂಕುಗಳು, ಸಿಮೆಂಟಿನವು, ಕರಿಯ ಪ್ಲಾಸ್ಟಿಕ್ಕಿನವು. ಇಷ್ಟು ಟ್ಯಾಂಕುಗಳಿವೆ ಎಂದು ಅವಳು ಎಂದೂ ಗಮನಿಸಿರಲಿಲ್ಲ. ಫಾದರ್ ಗಮನಿಸಿರುತ್ತಾರೆ. ರೋಗಿಗಳಿಗೆ ಪ್ರಸಾದ ಕೊಡಲು ಗಲ್ಲಿಗಲ್ಲಿ ಓಡಾಡುವವರು, ಪ್ರತಿಯೊಂದನ್ನೂ ತಲೆಯೆತ್ತಿ ನೋಡಿರುತ್ತಾರೆ. ಇದರಲ್ಲಿಯೇ? ಇದರಲ್ಲಿಯೇ? ಅಷ್ಟರಲ್ಲಿ ಇನ್ನೊಂದು ಭಯ: ಈ ಬಿಸಿಲಿನಲ್ಲಿ, ಈ ವಯಸ್ಸಿನಲ್ಲಿ, ಇವತ್ತೇ ಅವರಿಗೆ ಏನಾದರೂ ಆಗಿಬಿಟ್ಟಿದ್ದರೆ? ಮಗು ಒಳಗಿದೆ ಎಂದುಕೊಂಡೇ ಹೋಗಿಬಿಟ್ಟಿದ್ದರೆ? ಡಮ್ ಡಮ್‌ನಲ್ಲಿ ಇಳಿದವಳು ರಿಕ್ಷಾಕ್ಕೂ ಕಾಯದೆ ನಡೆದಳು, ಆಮೇಲೆ ಓಡಿದಳು. ಮೂವತ್ತೊಂದು ವರ್ಷದ ಹೆಂಗಸು ಕೈಚೀಲ ಎದೆಗವುಚಿಕೊಂಡು ಓಡುವುದನ್ನು ಮೀನಿನಂಗಡಿಯವರು ನೋಡಿದರು. ನೋಡಲಿ.

ಚರ್ಚಿನ ಹಿಂದಿನ ಗುರುಗಳ ಮನೆಯ ಮೆಟ್ಟಿಲ ಮೇಲೆ ಅಡುಗೆಯ ಚಂಪಾ ಕೂತು ತಟ್ಟೆಯ ಅನ್ನವನ್ನು ಕಾಗೆಗಳಿಗೆ ಎಸೆಯುತ್ತಿದ್ದಳು. ಹಿಂದಿ, ಬಂಗಾಳಿ ಬೆರೆಸಿ ಮಾತಾಡುವ, ಯಾರ ಹೆದರಿಕೆಯೂ ಇಲ್ಲದ ಹೆಂಗಸು.

"ನೋಡಿ ದೀದಿ, ನೋಡಿ! ಇವತ್ತೂ ಹಾಗೇ ವಾಪಸ್ಸು. ಉಪವಾಸದ ತಪಸ್ಸಿನ ಕಾಲ ಮುಗಿದು ಎಷ್ಟು ದಿನ ಆಯ್ತು? ಈ ಮುದುಕರಿಗೆ ಮಾತ್ರ ಮುಗಿದೇ ಇಲ್ಲ. ಎರಡು ವಾರದಿಂದ ಬರೀ ಮಂಡಕ್ಕಿ, ಚಹಾ. ಇಲಿಶ್ ಮೀನು ಮಾಡ್ದೆ, ಮುಟ್ಟಲಿಲ್ಲ. ನನ್ನ ಕೈ ಅಡುಗೆ ಹಾಳಾಯ್ತಾ ಅಂತ ಕೇಳಿದ್ರೆ, ಇಲ್ಲ ಚಂಪಾ, ಗಂಟಲಲ್ಲಿ ಇಳಿಯಲ್ಲ ಅಂತಾರೆ. ಡಾಕ್ಟರ್ ಹತ್ರ ನಡೀರಿ ಅಂದ್ರೆ ಅದೂ ಇಲ್ಲ. ನೀವು ಓದಿದವರು, ನೀವಾದ್ರೂ ಹೇಳಿ."

"ಈಗ ಎಲ್ಲಿದ್ದಾರೆ?"

"ಇನ್ನೆಲ್ಲಿ? ಆ ಗೂಡಿನಲ್ಲಿ. ನಾಲ್ಕಕ್ಕೆ ಕೂರಬೇಕಾದವರು ಊಟದ ಹೊತ್ತಿಗೇ ಹೋಗಿ ಕೂತಿದ್ದಾರೆ. ಯಾರಿಗೆ ಕಾಯ್ತಾರೋ."

ಚರ್ಚಿನ ಒಳಗೆ ಫ್ಯಾನುಗಳು ನಿಂತಿದ್ದವು. ಕರೆಂಟು ಹೋಗಿತ್ತು. ಹಿಂದಿನ ಬೆಂಚಿನಲ್ಲಿ ಯಾರೂ ಇರಲಿಲ್ಲ. ಅವಳು ಮಂಡಿಯೂರಿದಳು. ಹಲಗೆಯ ಅದೇ ವಾಸನೆ, ಹಳೆಯ ವಾರ್ನಿಷ್, ಬೆವರು, ಯಾರದೋ ತಲೆಯೆಣ್ಣೆ. ಜಾಲರಿಯ ಆಚೆ ಉಸಿರಿನ ಸದ್ದು ನಿಂತಿತು. ಅವಳನ್ನು ಗುರುತಿಸಿದರು, ಎಂದು ಅವಳಿಗೆ ಗೊತ್ತಾಯಿತು. ಏನು ಹೇಳಬೇಕೆಂದು ರೈಲಿನಲ್ಲಿ ಜೋಡಿಸಿಕೊಂಡು ಬಂದದ್ದೆಲ್ಲ ಚೆಂದದ ವಾಕ್ಯಗಳು. ಅವು ಒಂದೂ ಬರಲಿಲ್ಲ.

"ಸ್ವಾಮಿ, ಮಗು ಇಲ್ಲ."

ಆಚೆ ಏನೋ ಕೆಳಗೆ ಬಿತ್ತು. ಜಪಸರವಿರಬೇಕು.

"ಸತ್ತಿಲ್ಲ ಸ್ವಾಮಿ, ಅಯ್ಯೋ, ಹಾಗಲ್ಲ! ಮಗೂನೇ ಇಲ್ಲ. ಇರ್ಲೇ ಇಲ್ಲ. ಅದು ಕಥೆ. ನಾನು ಪತ್ರಿಕೇಗೆ ಬರೀತೀನಿ. ಕಥೇಲಿ ಒಬ್ಬ ಹೇಳೋ ಮಾತು. ಹೇಗೆ ಕೇಳುತ್ತೆ ಅಂತ ನೋಡೋಕೆ... ನಿಮಗೆ ಅರ್ಥ ಆಗಲ್ಲ ಅಂತ..." ಅಲ್ಲಿಂದ ಮುಂದೆ ಅವಳಿಗೆ ಅಳು ಬಂತು. ಅಳುವಾಗಲೂ ಅವಳ ಒಳಗಿನ ಯಾವಳೋ ಒಬ್ಬಳು ಕಣ್ಣೊರೆಸಿಕೊಳ್ಳದೆ ಕಿವಿಗೊಟ್ಟು ಕೂತಿದ್ದಳು, ಅವರು ಈಗ ಏನು ಹೇಳುತ್ತಾರೆ ಎಂದು.

ಆಮೇಲೆ ಒಂದು ಸದ್ದು. ಅವರು ಅಳುತ್ತಿದ್ದಾರೆಯೇ ಎಂದು ಅವಳು ಜಾಲರಿಗೆ ಹಣೆ ತಾಗಿಸಿದಳು. ಅಲ್ಲ. ಮುದುಕರು ಉಸಿರು ಬಿಡುತ್ತಿದ್ದರು, ತಲೆಯ ಮೇಲಿನ ಹೊರೆ ಇಳಿಸಿದವರು ಬಿಡುವ ಹಾಗೆ, ಒಂದಾದ ಮೇಲೊಂದು.

"ಬುಡು ಕಂದಾ, ಅಳ್ಬ್ಯಾಡ," ಎಂದರು. ಕನ್ನಡದಲ್ಲಿ. ಬಂಗಾಳಿ ನಾಲಿಗೆಯ ಮೇಲೆ ಉರುಟಾಗಿ ಹೊರಳುವ ಕನ್ನಡ, ಆದರೆ ಅದು ಅವಳ ಅಜ್ಜಿಯದು, ಕಾವೇರಿಯ ಆಚೆ ದಡದ್ದು, ಬಟ್ಟೆ ಸುತ್ತಿದ ಕೈಗಳವರು ಕಲಿಸಿದ್ದು. "ಇಲ್ವಾ? ದಿಟವಾಗೂ ಮಗೀ ಇಲ್ವಾ?"

"ಇಲ್ಲ ಸ್ವಾಮಿ."

"ನಂಗೆ ಅರ್ಧ ತಿಳೀತಿತ್ತು, ಅರ್ಧ ದೇವ್ರಿಗೆ ಬುಡ್ತಿದ್ದೆ ಕನವ್ವಾ. ನಲ್ವತ್ತು ವರ್ಸ ಆಯ್ತು ಆ ಮಾತು ಬುಟ್ಟು. ನೀ ಬಂದು ಮಾತಾಡ್ತಿದ್ರೆ ಆಸ್ಪತ್ರೆ ಅಂಗಳದಲ್ಲಿ ಕುಂತಂಗಿರ್ತಿತ್ತು. ಅದ್ಕೇ ಸುಮ್ಕಿದ್ದೆ. ಅದು ನನ್ನ ತಪ್ಪು. ಹೇಳ್ಬೇಕಿತ್ತು, ನಂಗೂ ಬತ್ತದೆ ಅಂತ. ಆವತ್ತು ಮಾತ್ರ ಎಲ್ಲಾ ತಿಳೀತು. ತಪ್ಪು ಕೇಳಿಸ್ಕಂಡ್ನೇನೋ ಅಂದ್ರೆ ಯಾರ್ನ ಕೇಳ್ಲಿ? ದೇವ್ರನ್ನೇ ಕೇಳ್ದೆ. ಅವ್ನೂ ಸುಮ್ಕಿದ್ದ."

"ಸ್ವಾಮಿ, ನೀವು ಹೊರಗೆ ಹೋಗಿ ಯಾರಿಗಾದ್ರೂ ಒಂದು ಮಾತು ಹೇಳಿಬಿಡೋಣ ಅನ್ನಿಸಲಿಲ್ವಾ?"

ಕೇಳಿದ ಮೇಲೆ ಅವಳಿಗೆ ನಾಚಿಕೆಯಾಯಿತು. ಇದು ಪಾಪಿಯ ಪ್ರಶ್ನೆಯಲ್ಲ, ಕಥೆಗಾರ್ತಿಯದು. ಮುದುಕರಿಗೂ ಗೊತ್ತಾಗಿರಬೇಕು, ದನಿಯಲ್ಲಿ ನಗುವಿನಂಥದೇನೋ ಬಂತು.

"ದಿನಾ ಅನ್ನಿಸ್ತು. ಹೇಳೂಕಾಗಕಿಲ್ಲ. ಆಗ್ದೆ ಇರೂದ್ರಿಂದ್ಲೇ ಅಲ್ವಾ ನೀ ಮತ್ತೆ ಇಲ್ಲಿಗೆ ಬಂದಿದ್ದು? ನಾ ಬಾಯಿ ಬುಟ್ಟಿದ್ರೆ ನೀ ಬತ್ತಿದ್ಯಾ? ಬಾಗ್ಲು ತೆಕ್ಕಂಡು ಕುಂತಿರೂದು, ಅಷ್ಟೇ ನನ್ನ ಕೆಲ್ಸ. ಅದ್ಕೇ ಮದ್ಯಾನ್ನದಿಂದ ಕುಂತ್ಕತಿದ್ದೆ." ಆಮೇಲೆ ತೀರ ಮೆಲ್ಲಗೆ, ಕೇಳಲೋ ಬೇಡವೋ ಎನ್ನುವ ಹಾಗೆ: "ನಿನ್ನ ಕತೇಲಿ... ಮಗೀ ಏನಾಯ್ತದೆ?"

"ಗೊತ್ತಿಲ್ಲ ಸ್ವಾಮಿ. ಇವತ್ತು ಆರು ಗಂಟೇಗೆ ಕಳಿಸ್ಬೇಕು. ಇನ್ನೂ ಬರ್ದಿಲ್ಲ."

"ಆರು ಗಂಟೇಗಾ!" ಆಚೆ ಗಡಬಡಿಸಿ ಕೂತಂತಾಯಿತು. ಗಡಿಯಾರ ನೋಡಿಕೊಂಡಿರಬೇಕು. "ಹಂಗಾರೆ ಕೇಳು. ಆಸ್ಪತ್ರೇಲಿ ನಾ ನೋಡಿವ್ನಿ, ಕತ್ಲಲ್ಲಿ ಬಚ್ಚಿಟ್ಟಿದ್ ರೋಗದ ಮಕ್ಳ. ಈಚೆಗೆ ತಗದೇಟ್ಗೆ ಬಿಸ್ಲು ತೋರಿಸ್ಬ್ಯಾಡ. ಕಣ್ಣು ತಡಿಯಕಿಲ್ಲ. ಮದ್ಲು ಕಣ್ಗೆ ಬಟ್ಟೆ ಕಟ್ಟು. ಆಮೇಲೆ ನೀರು, ಒಂದೊಂದೇ ಗುಟುಕು. ಅನ್ನ ಆಮೇಲೆ, ತೆಳ್ಳಗೆ ಗಂಜಿ ಮಾಡಿ. ಯಾರೂ ಬೋದು ಮಾತಾಡಕೂಡ್ದು. ತಿಳೀತಾ? ಹದಿನೈದ್ ದಿನದಿಂದ ನಂಗೆ ಅದೇ ಗ್ಯಾನ, ಸಿಕ್ಕುದ್ರೆ ಏನ್ ಮಾಡ್ಬೇಕು ಅಂತ. ಅದೇ ನಿನ್ನ ಪ್ರಾಯಶ್ಚಿತ್ತ. ಆ ಮಗೀನ ಈಚೆಗೆ ತಗಿ."

"ನೀವು ಹೇಳಿದ್ದನ್ನ ನಾನು ಬರೀಬಹುದಾ?"

"ಬಾಯಿ ಮುಚ್ಕಂಡಿರ್ಬೇಕಾದೋನು ನಾನು ಕನವ್ವಾ, ನೀನಲ್ಲ," ಎಂದರು. ಆಮೇಲೆ ಕೈ ಎತ್ತಿದರು. ಜಾಲರಿಯ ತೂತುಗಳಲ್ಲಿ ಅದು ಮೇಲೇರುವುದನ್ನು ಅವಳು ನೋಡಿದಳು. ಕ್ಷಮೆಯ ಮಾತು ಲ್ಯಾಟಿನಿನಲ್ಲಿ ಶುರುವಾಗಿ, ತಪ್ಪಿ, ಬಂಗಾಳಿಗೆ ಬಂದು, ಕೊನೆಗೆ ಕನ್ನಡದಲ್ಲಿ ಮುಗಿಯಿತು. ಫಾದರ್ ಎದ್ದು ಹೋದ ಮೇಲೆ ಅವಳು ಹೊರಗೆ ಬಂದಾಗ, ಹಿಂದಿನ ಮನೆಯಿಂದ ಚಂಪಾಳ ದನಿ ಇಡೀ ಓಣಿಗೆ ಕೇಳುವಂತಿತ್ತು: ಮೂರೂಮುಕ್ಕಾಲಿಗೆ ಅನ್ನ ಕೇಳಿದರೆ ಎಲ್ಲಿಂದ ತರಲಿ, ಎಲ್ಲ ಕಾಗೆ ತಿಂದುಹೋಯಿತು!

ಎದುರು ರಸ್ತೆಯ ಫೋನ್ ಬೂತಿನಲ್ಲಿ ಫ್ಯಾಕ್ಸ್ ಯಂತ್ರವಿತ್ತು. ಬೂತಿನ ಬಂಗಾಳಿ ದಾದಾ ಸ್ಟೂಲು ಕೊಟ್ಟು, ಕರೆಂಟು ಬರುವವರೆಗೆ ಕೂತಿರಿ ಎಂದ. ಅವಳು ಮೊಣಕಾಲ ಮೇಲೆ ನೋಟ್‌ಬುಕ್ಕಿಟ್ಟು ಬರೆದಳು. ಕೈ ಹಿಡಿತಕ್ಕೆ ಸಿಗದಷ್ಟು ವೇಗವಾಗಿ ಓಡಿತು. ಗುರುಗಳು ಬಾಯಿ ಬಿಡಲಿಲ್ಲ. ಮಿಂಚಲಿಲ್ಲ, ಗುಡುಗಲಿಲ್ಲ. ಇನ್ನಾಸಪ್ಪ ದಿನಾ ಗುರುಗಳ ಮನೆಯ ಹಿತ್ತಲಲ್ಲಿ ಮುಟ್ಟದೆ ಎಸೆದ ಅನ್ನಕ್ಕೆ ಕಾಗೆ ಮುತ್ತುವುದನ್ನು ನೋಡಿದ. ಹದಿನೈದನೆಯ ದಿನ ನೋಡಲಾರದೆ ಹೋಗಿ ತಾನೇ ಕಲ್ಲಿಗೆ ಭುಜ ಕೊಟ್ಟ. ತೊಟ್ಟಿಯ ತಳದ ಗಂಟೆ ಬಾರಿಸಲಿಲ್ಲ. ಅಲ್ಲಿ ಈಗ ಸುಳ್ಳು ಹೇಳುವವರು ಯಾರೂ ಇರಲಿಲ್ಲ. ಅವನು ತಲೆಯ ವಸ್ತ್ರ ಬಿಚ್ಚಿ ಮೊದಲು ಮಗುವಿನ ಕಣ್ಣಿಗೆ ಕಟ್ಟಿದ. ಆಮೇಲೆ ನೀರು, ಒಂದೊಂದೇ ಗುಟುಕು. ಯಾರೂ ಬೈಯಲಿಲ್ಲ.

ಐದೂವರೆಗೆ ಕರೆಂಟು ಬಂತು. ಯಂತ್ರ ಕಿರ್ರನೆ ಹಾಳೆಗಳನ್ನು ಒಂದೊಂದಾಗಿ ಒಳಗೆಳೆದುಕೊಂಡಿತು. ಕೊನೆಯ ಹಾಳೆಯನ್ನು ದಾದಾನ ಕೈಯಿಂದ ಕಿತ್ತುಕೊಂಡು, ಕೆಳಗೆ ಜಪಮಾಲಾ ಮೇರಿ ಎಂದು ಇಡೀ ಹೆಸರು ಬರೆದಳು. ಜಾಗ ಇತ್ತು, ಬೇಕಾದಷ್ಟಿತ್ತು. ಅದರ ಪಕ್ಕದಲ್ಲಿ ಸಂಪಾದಕರಿಗೆ ಒಂದು ಸಾಲು: ಸಾರ್, ಹೆಸರು ಹೀಗೇ ಇರಲಿ, ಇಲ್ಲದಿದ್ದರೆ ಕಂತು ಹಾಕಬೇಡಿ. ಹಾಕದೆಯೂ ಇರಬಹುದು. ಆದರೂ ಹಾಳೆಯನ್ನು ದಾದಾನ ಕೈಗೆ ವಾಪಸ್ಸು ಕೊಟ್ಟಳು. ಹಾಳೆ ಆಚೆ ಕಡೆಯಿಂದ ಬೆಚ್ಚಗೆ ಹೊರಬಂತು. ಹೋಯಿತು, ಎಂದ ದಾದಾ.

ಬೂತಿನ ಬಾಗಿಲು ತಳ್ಳಿದಾಗ ರೈಲ್ವೆ ಹಳಿಗಳ ಮೇಲಿಂದ ಸಂಜೆಯ ಬಿಸಿಲು ನೇರ ಮುಖಕ್ಕೆ ಬಿತ್ತು. ಅವಳು ದುಪಟ್ಟಾದ ಸೆರಗನ್ನು ಕಣ್ಣಿಗೆ ಅಡ್ಡ ಹಿಡಿದು, ಒಂದು ಗಳಿಗೆ, ಹಾಗೇ ನಿಂತಳು.